ಕೂಪರಜ್ಜನ ರಾತ್ರಿ ಶಾಲೆ

ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಕಂದು ಕಲ್ಲಿನ ಒಂದು ಹಳೇ ಕಟ್ಟಡ ಇದೆ. ಅಡಿಗಲ್ಲು ಬಿದ್ದದ್ದು 1853ರಲ್ಲಿ. ಜನರನ್ನು ಮೇಲಕ್ಕೊಯ್ಯುವ ಲಿಫ್ಟು ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಆದರೂ ಕಟ್ಟಿಸಿದ ಪುಣ್ಯಾತ್ಮ ಕೆಳಗಿನಿಂದ ಮಾಳಿಗೆವರೆಗೆ ಬಾವಿಯ ಹಾಗೆ ದುಂಡನೆಯ ಖಾಲಿ ಜಾಗ ಬಿಡಿಸಿದ. ಇವತ್ತಲ್ಲ ನಾಳೆ ಯಾರಾದರೂ ಲಿಫ್ಟು ಕಂಡುಹಿಡಿದೇ ಹಿಡೀತಾರೆ ಅನ್ನೋ ನಂಬಿಕೆ. ಲಿಫ್ಟು ಬಂತು, ಆದರೆ ಚೌಕಾಕಾರದಲ್ಲಿ ಬಂತು :) ದುಂಡು ಜಾಗಕ್ಕೆ ಸರಿಯಾದ ದುಂಡು ಲಿಫ್ಟು ಕೂತದ್ದು 1970ರ ದಶಕದಲ್ಲಿ ಕಟ್ಟಡವನ್ನು ನವೀಕರಿಸಿದಾಗ.

ಆ ಮನುಷ್ಯನ ಹೆಸರು ಪೀಟರ್ ಕೂಪರ್. ಹುಟ್ಟಿದ್ದು 1791ರಲ್ಲಿ, ಶಾಲೆಗೆ ಹೋದದ್ದು ಎಲ್ಲಾ ಸೇರಿ ಸುಮಾರು ಒಂದು ವರ್ಷ. ಹದಿಹರೆಯದಲ್ಲಿ ಸಾರೋಟು ಮಾಡುವವನ ಹತ್ತಿರ ಕೆಲಸ ಕಲಿಯೋಕೆ ಸೇರಿದ. ಹಗಲೆಲ್ಲಾ ದುಡಿದು ರಾತ್ರಿ ಏನಾದರೂ ಕಲಿಯೋಣ ಅಂದರೆ ಅಂಥ ಹುಡುಗರಿಗೆ ಊರಲ್ಲಿ ಶಾಲೆಯೇ ಇರಲಿಲ್ಲ. ಮುಂದೆ ಅಂಟು ತಯಾರಿಸುವ ಕಾರ್ಖಾನೆಯಲ್ಲಿ ದುಡ್ಡು ಮಾಡಿದ. 1830ರಲ್ಲಿ 'ಟಾಮ್ ಥಂಬ್' ಅನ್ನೋ ಪುಟ್ಟ ಉಗಿಬಂಡಿ ಕಟ್ಟಿ ಓಡಿಸಿ ತೋರಿಸಿದ. ಕಬ್ಬಿಣದ ಕಾರ್ಖಾನೆ ಇಟ್ಟ. ಇಷ್ಟೆಲ್ಲಾ ಆದರೂ ತಾನು ಕಲಿಯಲಾಗದೆ ಹೋದದ್ದು ಮಾತ್ರ ಅವನ ತಲೆಯಿಂದ ಹೋಗಿರಲಿಲ್ಲ.

ಕೂಪರ್ ಯೂನಿಯನ್ 1859ರಲ್ಲಿ ಬಾಗಿಲು ತೆರೆಯಿತು. ಅದರ ಆರ್ಥಿಕ ಲೆಕ್ಕಾಚಾರ ನನಗೆ ತುಂಬಾ ಇಷ್ಟ. ಕಟ್ಟಡದ ಕೆಳಗಿನ ಮಹಡಿಗಳನ್ನು ಅಂಗಡಿಗಳಿಗೂ ಕಚೇರಿಗಳಿಗೂ ಬಾಡಿಗೆಗೆ ಕೊಟ್ಟು, ಆ ಬಾಡಿಗೆಯಿಂದ ಮೇಲಿನ ತರಗತಿಗಳನ್ನು ನಡೆಸೋದು. ಅಂದರೆ ದಾನಿ ಸತ್ತ ಮೇಲೂ ದಾನ ತಾನೇ ದುಡಿದು ತಿನ್ನಬೇಕು! ಸಂಜೆ ಕೆಲಸ ಬಿಟ್ಟು ಬಂದವರಿಗೆ ಗಣಿತ, ರಸಾಯನಶಾಸ್ತ್ರ, ಯಂತ್ರಗಳ ನಕ್ಷೆ ಬಿಡಿಸೋದು ಎಲ್ಲಾ ಪುಕ್ಕಟೆ. ವಾಚನಾಲಯ ರಾತ್ರಿ ಹತ್ತರವರೆಗೆ ತೆರೆದಿರುತ್ತಿತ್ತು. ದುಡಿಯುವವರಿಗೆ ಬಿಡುವಾಗೋದೇ ರಾತ್ರಿ ಅಲ್ಲವೇ? ಇದು ಸಣ್ಣ ವಿಷಯ ಅನಿಸಬಹುದು, ಆದರೆ ಇಡೀ ಸಂಸ್ಥೆಯ ಜೀವ ಇದ್ದದ್ದೇ ಅಲ್ಲಿ. (ನೆಲಮಾಳಿಗೆಯ ದೊಡ್ಡ ಸಭಾಂಗಣದಲ್ಲಿ 1860ರ ಫೆಬ್ರವರಿಯಲ್ಲಿ ಅಬ್ರಹಾಂ ಲಿಂಕನ್ ಭಾಷಣ ಮಾಡಿದ್ದು ಬೇರೆಯದೇ ಕಥೆ.)

ಅಲ್ಲಿ ಹೆಂಗಸರಿಗೂ ತರಗತಿಗಳಿದ್ದವು. ಚಿತ್ರಕಲೆ, ಕೆತ್ತನೆ, ಆಮೇಲೆ ಟೆಲಿಗ್ರಾಫ್. ತಂತಿ ಕಳಿಸುವ ವೆಸ್ಟರ್ನ್ ಯೂನಿಯನ್ ಕಂಪನಿಗೆ ತರಬೇತಾದ ಕೆಲಸಗಾರರು ಬೇಕಿತ್ತು, ಶಾಲೆ ತಯಾರು ಮಾಡಿಕೊಟ್ಟಿತು. ಗಂಡು ಟೆಲಿಗ್ರಾಫರುಗಳಿಗೆ ಇದರ ಮೇಲೆ ಸಿಟ್ಟಿತ್ತು. ಪುಕ್ಕಟೆ ಕಲಿತ ಹುಡುಗಿಯರು ಕಡಿಮೆ ಸಂಬಳಕ್ಕೆ ಬಂದುಬಿಟ್ಟರೆ ನಮ್ಮ ಗತಿಯೇನು ಅಂತ. ಅವರ ಮಾತನ್ನು ಪೂರ್ತಿ ತಳ್ಳಿಹಾಕೋಕೆ ನನಗಂತೂ ಆಗಲ್ಲ. ಕೆಲಸದ ತರಬೇತಿಗೆ ದಾನ ಕೊಟ್ಟಾಗೆಲ್ಲಾ ಅದರಲ್ಲಿ ಒಂದು ಪಾಲು ಸದ್ದಿಲ್ಲದೆ ಕಂಪನಿಯ ಜೇಬಿಗೂ ಹೋಗುತ್ತೆ. ಆದರೆ ಆ ಹುಡುಗಿಯರಿಗೆ ಮನೆಗೆಲಸ, ಹೊಲಿಗೆ ಬಿಟ್ಟರೆ ಬೇರೆ ದಾರಿಯೇ ಕಮ್ಮಿ ಇದ್ದ ಕಾಲ ಅದು.

ಅಲ್ಲಿಗೆ ಯಾರು ಬರ್ತಿದ್ದರು ಅನ್ನೋದಕ್ಕೆ ಒಂದೇ ಉದಾಹರಣೆ ಕೊಡ್ತೀನಿ. ಮೈಕೆಲ್ ಪ್ಯೂಪಿನ್ ಅನ್ನೋ ಸರ್ಬಿಯನ್ ಹುಡುಗ 1874ರಲ್ಲಿ ಬರಿಗೈಲಿ ಅಮೆರಿಕಾಕ್ಕೆ ಬಂದಿಳಿದ. ಮುಂದೆ ನ್ಯೂಯಾರ್ಕಿನ ಬಿಸ್ಕತ್ತು ಕಾರ್ಖಾನೆಯಲ್ಲಿ ಕೂಲಿ. ಸಂಜೆಯಾದರೆ ಕೂಪರ್ ಯೂನಿಯನ್ನಿನ ವಾಚನಾಲಯ ಮತ್ತು ಉಪನ್ಯಾಸಗಳು. ಇವನೇ ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದ, ದೂರವಾಣಿಯ ಮಾತು ಬಹಳ ದೂರ ಸಾಗುವಂತೆ ಮಾಡಿದ, ಆತ್ಮಕಥೆಗೆ 1924ರಲ್ಲಿ ಪುಲಿಟ್ಜರ್ ಪ್ರಶಸ್ತಿಯನ್ನೂ ಪಡೆದ.

ಕೂಪರ್ ತೀರಿಕೊಂಡದ್ದು 1883ರಲ್ಲಿ. ಆಮೇಲೆ ಆಂಡ್ರ್ಯೂ ಕಾರ್ನೆಗಿ 6 ಲಕ್ಷ ಡಾಲರ್ ಕೊಟ್ಟ. 1902ರಲ್ಲಿ ಕೂಪರನ ಮನೆಯವರು ಲೆಕ್ಸಿಂಗ್ಟನ್ ಅವೆನ್ಯೂದಲ್ಲಿದ್ದ ಜಾಗ ಬರೆದುಕೊಟ್ಟರು. 1930ರಲ್ಲಿ ಅದೇ ಜಾಗದ ಮೇಲೆ ಕ್ರೈಸ್ಲರ್ ಬಿಲ್ಡಿಂಗ್ ಎದ್ದಿತು! ನೆಲದ ಬಾಡಿಗೆ ಶಾಲೆಗೆ. ಅಷ್ಟೇ ಅಲ್ಲ, ನಗರಕ್ಕೆ ಸಲ್ಲಬೇಕಿದ್ದ ಆಸ್ತಿ ತೆರಿಗೆಯಷ್ಟು ಹಣವೂ ಶಾಲೆಗೇ ಬರುವ ಏರ್ಪಾಡಾಯಿತು. ಅಲ್ಲಿಗೆ ಇದು ಬರೀ ಶ್ರೀಮಂತರ ದಾನ ಆಗಿ ಉಳಿಯಲಿಲ್ಲ, ಊರವರೆಲ್ಲರ ಪಾಲೂ ಇದರಲ್ಲಿ ಸೇರಿಕೊಂಡಿತು. ಇಂಥ ದಾನಗಳ ಬಗ್ಗೆ ಮಾತಾಡುವಾಗ ಈ ಭಾಗವನ್ನು ಸಾಮಾನ್ಯವಾಗಿ ಮರೀತಾರೆ.

ಇನ್ನು ಹೇಳಬೇಕಿರೋದು ಬೇಸರದ ಭಾಗ. 2006ರಲ್ಲಿ ಸಂಸ್ಥೆ ಕ್ರೈಸ್ಲರ್ ಜಾಗದ ಆಧಾರದ ಮೇಲೆ 17.5 ಕೋಟಿ ಡಾಲರ್ ಸಾಲ ಎತ್ತಿತು. ಎದುರುಗಡೆ ಥಳಥಳಿಸುವ ಹೊಸ ಕಟ್ಟಡ 2009ರಲ್ಲಿ ಎದ್ದಿತು. ನಡುವೆ 2008ರ ಆರ್ಥಿಕ ಕುಸಿತ. 2013ರ ಏಪ್ರಿಲ್‌ನಲ್ಲಿ, ಇನ್ನು ಮೇಲೆ ಶುಲ್ಕ ತಗೋತೀವಿ ಅಂತ ಘೋಷಣೆ. ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯೊಳಗೆ ಹೊಕ್ಕು 65 ದಿನ ಅಲ್ಲೇ ಕೂತರು. (ಆಗಿನ ಅಧ್ಯಕ್ಷರು ನಮ್ಮ ಮುಂಬೈ ಕಡೆಯವರು, ಜಮ್‌ಶೆಡ್ ಭರೂಚಾ. ಸಾಲ ಮಾತ್ರ ಅವರು ಬರೋದಕ್ಕೆ ಮುಂಚಿನದು.) 2014ರಿಂದ ಶುಲ್ಕ ಶುರುವಾಯಿತು, ಕೋರ್ಟು ಕಚೇರಿ ಆಯಿತು, 2015ರಲ್ಲಿ ರಾಜಿ. ಹತ್ತು ವರ್ಷದಲ್ಲಿ ಮತ್ತೆ ಎಲ್ಲರಿಗೂ ಉಚಿತ ಮಾಡುವ ಯೋಜನೆ ಬಂದದ್ದು 2018ರಲ್ಲಿ.

ಈ ಗಲಾಟೆಯ ಬಗ್ಗೆ ಸಾಕಷ್ಟು ಬರೆದಿದ್ದಾರೆ. ನನ್ನ ತಲೆ ತಿನ್ನೋದು ಇನ್ನೊಂದು ವಿಷಯ. ಕೂಪರ್ ಕೊಟ್ಟಿದ್ದು ಎರಡು: ಉಚಿತ, ಮತ್ತು ರಾತ್ರಿ. ಇಪ್ಪತ್ತನೇ ಶತಮಾನದಲ್ಲಿ ಅದು ನಿಧಾನವಾಗಿ ಹಗಲಿನ ಪದವಿ ಕಾಲೇಜಾಯಿತು. ಕಲೆ, ವಾಸ್ತುಶಿಲ್ಪ, ಎಂಜಿನಿಯರಿಂಗಿಗೆ ಹೆಸರಾಯಿತು, ಸೀಟು ಸಿಗೋದೇ ಕಷ್ಟವಾಯಿತು. ಒಳ್ಳೆ ಕಾಲೇಜೇ, ಇಲ್ಲ ಅನ್ನಲ್ಲ. ಆದರೆ ಮೈ ತುಂಬಾ ಹಿಟ್ಟು ಮೆತ್ತಿಕೊಂಡು ಬಿಸ್ಕತ್ತು ಕಾರ್ಖಾನೆಯಿಂದ ಬರ್ತಿದ್ದನಲ್ಲ ಪ್ಯೂಪಿನ್, ಅಂಥವನು ಇವತ್ತು ಬಂದರೆ ಯಾವ ಬಾಗಿಲು ತಟ್ಟಬೇಕು? ಉಚಿತ ಹೋದಾಗ ಎದ್ದಷ್ಟು ಕೂಗು ರಾತ್ರಿ ಹೋದಾಗ ಏಳಲಿಲ್ಲ. ದಾನಪತ್ರದಲ್ಲಿ ದುಡ್ಡಿನ ವಿಷಯ ಎಲ್ಲರಿಗೂ ನೆನಪಿರುತ್ತೆ, ಗಡಿಯಾರದ ವಿಷಯ ಮರೆತುಹೋಗುತ್ತೆ.

ಅವನು ಇವತ್ತು ತಟ್ಟುವ ಬಾಗಿಲು ಕಮ್ಯುನಿಟಿ ಕಾಲೇಜಿನದು. ಕೂಪರನ ಕಟ್ಟಡದಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲೇ ಒಂದಿದೆ, ಬರೋ ಆಫ್ ಮ್ಯಾನ್‌ಹಟನ್ ಕಮ್ಯುನಿಟಿ ಕಾಲೇಜು. 1963ರಲ್ಲಿ ಶುರುವಾದ ಸರ್ಕಾರಿ ಕಾಲೇಜು ಅದು. ನಗರ ವಿಶ್ವವಿದ್ಯಾಲಯಕ್ಕೆ ಸೇರಿದ ಇಂಥ ಕಾಲೇಜುಗಳಲ್ಲಿ 2007ರಲ್ಲಿ ಒಂದು ಪ್ರಯೋಗ ಶುರುವಾಯಿತು. ಶುಲ್ಕದಲ್ಲಿ ಬಾಕಿ ಉಳಿದದ್ದನ್ನು ತುಂಬೋದರ ಜೊತೆಗೆ ಬಸ್ಸು ರೈಲಿನ ಪಾಸು, ಪಠ್ಯಪುಸ್ತಕಕ್ಕೆ ನೆರವು, ಪದೇ ಪದೇ ಕರೆದು ಮಾತಾಡಿಸುವ ಒಬ್ಬ ಸಲಹೆಗಾರ. ಇಷ್ಟೇ. ಇದನ್ನು ಪಡೆದವರಲ್ಲಿ ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಶೇಕಡಾ 40, ಪಡೆಯದವರಲ್ಲಿ 22. ದುಡಿಯೋ ಹುಡುಗನನ್ನು ಓದು ಬಿಡಿಸೋದು ಎಷ್ಟೋ ಸಲ ಶುಲ್ಕ ಅಲ್ಲ, ರೈಲಿನ ಚಾರ್ಜು.

2020ರ ಕೊನೆಯಲ್ಲಿ ಮೆಕೆಂಜಿ ಸ್ಕಾಟ್ ಈ ಕಾಲೇಜಿಗೆ 3 ಕೋಟಿ ಡಾಲರ್ ಕೊಟ್ಟರು. ಯಾವುದಕ್ಕೆ ಖರ್ಚು ಮಾಡಬೇಕು ಅನ್ನೋ ಷರತ್ತು ಇಲ್ಲ, ಹೆಸರು ಕೆತ್ತಿಸಿದ ಕಟ್ಟಡವೂ ಇಲ್ಲ.