ಡಿಎಸ್‌ಎಲ್ ಲೈನಿನ ಗದ್ದಲ: ಮೂಲ ಹುಡುಕುವ ಬಗೆ

ತಾಮ್ರದ ಟೆಲಿಫೋನ್ ತಂತಿಯಲ್ಲಿ ಬರುವ ಇಂಟರ್ನೆಟ್ ಪದೇ ಪದೇ ಕಡಿದುಹೋದರೆ ಜನ ಮೊದಲು ನೋಡುವುದು ವೇಗ. ಅದರಿಂದ ತೊಂದರೆ ಇದೆಯೆಂದು ತಿಳಿದೀತು, ಎಲ್ಲಿದೆಯೆಂದು ತಿಳಿಯದು. ಗದ್ದಲ ಯಾವ ಆವರ್ತನದಲ್ಲಿದೆ, ಯಾವ ಹೊತ್ತಿಗೆ ಏಳುತ್ತದೆ ಎಂದು ಕೇಳಿಕೊಳ್ಳುವುದು ಹೆಚ್ಚು ಫಲಕಾರಿ.

ರಿಸೀವರ್ ಎತ್ತಿದಾಗ ಕರಕರ ಸದ್ದು ಬಂದರೆ ಜಾಯಿಂಟಿಗೆ ನೀರಿಳಿದು ಕಿಲುಬು ಹಿಡಿದಿರುವ ಸಂಭವವೇ ಹೆಚ್ಚು. ಸದ್ದಿಲ್ಲವೆಂದ ಮಾತ್ರಕ್ಕೆ ಲೈನ್ ಸರಿಯಿದೆ ಎನ್ನಲಾಗದು. ಫೋನು ಕೇಳಿಸುವುದು ಸುಮಾರು 3.4 ಕಿಲೋಹರ್ಟ್ಸ್‌ವರೆಗಿನ ದನಿಯನ್ನು. ಈ ತಂತಿಯ ಮೇಲಿನ ಸಾಮಾನ್ಯ ಇಂಟರ್ನೆಟ್ ಬಗೆಯಾದ ಎಡಿಎಸ್‌ಎಲ್ ಶುರುವಾಗುವುದೇ ಸುಮಾರು 26ರಿಂದ, ಮುಗಿಯುವುದು 1,104ರಲ್ಲಿ. ಈ ಹರವನ್ನು 4.3125 ಕಿಲೋಹರ್ಟ್ಸ್ ಅಂತರದ ಟೋನ್‌ಗಳಾಗಿ ಸೀಳಿ, ಗದ್ದಲವಿರುವ ಟೋನ್‌ಗೆ ಕಡಿಮೆ ಬಿಟ್ ಹೊರಿಸುತ್ತದೆ ಮೋಡೆಮ್. ಕೆಲವು ಮೋಡೆಮ್‌ಗಳ ಸೆಟ್ಟಿಂಗ್ ಪುಟದಲ್ಲಿ ಈ ಹಂಚಿಕೆ ನೋಡಲು ಸಿಗುತ್ತದೆ.

ಮೀಡಿಯಂ ವೇವ್ ರೇಡಿಯೋದ ಒಂದು ಭಾಗ ಇರುವುದೂ ಇದೇ ಹರವಿನಲ್ಲಿ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಲೆಕ್ಕದ ಪ್ರಕಾರ 142ನೇ ಟೋನಿನ ಮೇಲೆ ಬೀಳುತ್ತದೆ, ಧಾರವಾಡದ 765 ಕಿಲೋಹರ್ಟ್ಸ್ 177ನೆಯದರ ಅಂಚಿಗೆ. ಆ ಟೋನ್‌ಗಳಲ್ಲಿ ಮಾತ್ರ ಬಿಟ್‌ಗಳು ಕುಸಿದಿದ್ದರೆ ಮೋಡೆಮನ್ನು ದೂರಬೇಕಿಲ್ಲ. ಮನೆಯೊಳಗಿನ ಚಪ್ಪಟೆ ತಂತಿಯೇ ಆಂಟೆನಾ ಆಗಿರಬಹುದು. ಹೊಸೆದ ಜೋಡಿಯಾದರೆ ಹೊರಗಿನ ಅಲೆ ಎರಡೂ ಎಳೆಗಳಿಗೆ ಹೆಚ್ಚುಕಡಿಮೆ ಸಮನಾಗಿ ತಟ್ಟುತ್ತದೆ. ಮೋಡೆಮ್ ಅಳೆಯುವುದು ಅವುಗಳ ನಡುವಣ ವ್ಯತ್ಯಾಸವನ್ನಷ್ಟೇ ಆದ್ದರಿಂದ ಆ ಅಲೆ ಬಹುಮಟ್ಟಿಗೆ ಕಳೆದುಹೋಗುತ್ತದೆ. ಹಳೆಯ ಮನೆಗಳ ವೈರಿಂಗ್‌ನಲ್ಲಿ ಈ ಹೊಸೆತವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಹೊತ್ತಿನ ಮಾತಿಗೆ ವೇಲ್ಸ್‌ನ ಅಬರ್‌ಹೋಸನ್ ಹಳ್ಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2020ರಲ್ಲಿ ಸುದ್ದಿಯಾದ ಪ್ರಕರಣ. ಅಲ್ಲಿ 18 ತಿಂಗಳ ಕಾಲ ಬೆಳಗಿನ 7 ಗಂಟೆಗೆ ಬ್ರಾಡ್‌ಬ್ಯಾಂಡ್ ಕೆಡುತ್ತಿತ್ತು. ಕೇಬಲ್ ಬದಲಿಸಿದರೂ ಹೋಗಲಿಲ್ಲ. ಕೊನೆಗೆ ಅಲ್ಲಿನ ಟೆಲಿಫೋನ್ ಜಾಲ ನೋಡಿಕೊಳ್ಳುವ ಓಪನ್‌ರೀಚ್‌ನ ಇಂಜಿನಿಯರ್‌ಗಳು, ಯಾವ ಆವರ್ತನದಲ್ಲಿ ಎಷ್ಟು ಗದ್ದಲವೆಂದು ತೋರಿಸುವ ಸ್ಪೆಕ್ಟ್ರಮ್ ಅನಲೈಸರ್ ಹಿಡಿದು, ಬೆಳಗಿನ 6ಕ್ಕೇ ಸುರಿವ ಮಳೆಯಲ್ಲಿ ಊರು ಸುತ್ತಿದರು. 7ಕ್ಕೆ ಸರಿಯಾಗಿ ಗದ್ದಲ ಎದ್ದಿತು. ಜಾಡು ಹಿಡಿದು ಹೋದರೆ ಒಂದು ಮನೆಯಲ್ಲಿ ಆ ಹೊತ್ತಿಗೆ ಹಾಕುತ್ತಿದ್ದ ಹಳೆಯ ಟಿವಿ. ಮನೆಯವರು ಸಂಕೋಚಪಟ್ಟು, ಇನ್ನು ಅದನ್ನು ಹಾಕುವುದಿಲ್ಲವೆಂದು ಒಪ್ಪಿಕೊಂಡರು.

ಕ್ಷಣಮಾತ್ರ ಸಿಡಿಯುವ ಇಂಥ ಗದ್ದಲ ಟೋನ್‌ಗಳ ಪುಟದಲ್ಲಿ ಕಾಣದೆ ಹೋಗಬಹುದು, ಏಕೆಂದರೆ ಬಿಟ್ ಹಂಚಿಕೆ ಬಹುಮಟ್ಟಿಗೆ ಸಂಪರ್ಕ ಕೂಡಿಕೊಂಡಾಗಿನ ಸ್ಥಿತಿಯದು. ಇದಕ್ಕೆ ಮೋಡೆಮ್ ತೋರಿಸುವ ಸಿಆರ್‌ಸಿ ದೋಷಗಳ, ಅಂದರೆ ಕೆಟ್ಟು ಬಂದ ದತ್ತಾಂಶದ, ಎಣಿಕೆಯನ್ನು ಗಂಟೆಗಂಟೆಗೆ ಬರೆದಿಡಬೇಕು. ಎಣಿಕೆ ಜಿಗಿಯುವ ಹೊತ್ತು ಗೊತ್ತಾದ ಮೇಲೆ ಬ್ಯಾಟರಿ ರೇಡಿಯೋ ಒಂದು ಸಾಕು: ಮೀಡಿಯಂ ವೇವ್‌ನಲ್ಲಿ ನಿಲಯವಿಲ್ಲದ ಕಡೆಗೆ ಮುಳ್ಳು ತಿರುಗಿಸಿ ಅಡಾಪ್ಟರ್, ಟಿವಿ, ಎಲ್‌ಇಡಿ ದೀಪಗಳ ಹತ್ತಿರ ಒಂದೊಂದಾಗಿ ಹಿಡಿದರೆ, ಗೊರಗೊರ ಎಲ್ಲಿ ಜೋರಾಗುತ್ತದೋ ಮೊದಲು ಆ ಪ್ಲಗ್ ಕೀಳಬೇಕು.