ಸಂಕ್ರಮಣ ವಿಧಾನ: ಅನ್ಯ ಗ್ರಹಗಳ ಶೋಧ

ಅಬಿಡ್ಸ್‌ಗೆ ಸಮೀಪದ ನೌಬತ್ ಪಹಾಡ್‌ನ ಬಿರ್ಲಾ ತಾರಾಲಯಕ್ಕೆ ಮಕ್ಕಳೊಡನೆ ಹೋದಾಗ ನಮಗೆ ಎದುರಾಗುವ ಪ್ರಶ್ನೆ: ಅನ್ಯ ನಕ್ಷತ್ರಗಳಿಗೂ ಗ್ರಹಗಳುಂಟೇ? ಉಂಟು, ಆದರೆ ನಕ್ಷತ್ರದ ಪ್ರಖರತೆಯಲ್ಲಿ ಅವು ನೇರವಾಗಿ ಕಾಣುವುದು ವಿರಳ.

2012ರ ಜೂನ್ 6ರಂದು ಶುಕ್ರನು ಸೂರ್ಯಬಿಂಬವನ್ನು ಕಪ್ಪು ಚುಕ್ಕೆಯಾಗಿ ದಾಟಿದಂತೆ, ದೂರದ ಗ್ರಹವೂ ತನ್ನ ನಕ್ಷತ್ರದ ಮುಂದೆ ಹಾಯುವಾಗ ಬೆಳಕು ಕಿಂಚಿತ್ ಕುಂದುತ್ತದೆ. ಸೂರ್ಯನಂಥ ನಕ್ಷತ್ರದಲ್ಲಿ ಗುರುವಿನಷ್ಟು ದೊಡ್ಡ ಗ್ರಹದಿಂದ ಶೇ. 1ರಷ್ಟು, ಭೂಮಿಯಂಥದರಿಂದ ಶೇ. 0.01ಕ್ಕೂ ಕಡಿಮೆ. ಕುಂದಿನ ಪ್ರಮಾಣವು ಗ್ರಹದ ಗಾತ್ರವನ್ನೂ, ಅದು ಮರುಕಳಿಸುವ ಕಾಲವು ಪರಿಭ್ರಮಣದ ಅವಧಿಯನ್ನೂ ತಿಳಿಸುತ್ತವೆ.

ಜೋಡಿ ನಕ್ಷತ್ರಗಳೂ ಹೀಗೆಯೇ ಭ್ರಮೆ ಹುಟ್ಟಿಸಬಲ್ಲವಾದ್ದರಿಂದ ದ್ರವ್ಯರಾಶಿಯ ಸಾಕ್ಷ್ಯ ಅವಶ್ಯ. ಕೆಪ್ಲರ್ ದೂರದರ್ಶಕವು ಗುರುತಿಸಿದ ಇಂಥದೊಂದು ಸುಳಿವನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು, ಮೌಂಟ್ ಅಬುವಿನಿಂದ ನಕ್ಷತ್ರದ ಓಲಾಟವನ್ನು ಅಳೆದು, 2018ರಲ್ಲಿ ಗ್ರಹವೆಂದು ದೃಢಪಡಿಸಿದರು. ಅದರ ದ್ರವ್ಯರಾಶಿ ಭೂಮಿಯ ಸುಮಾರು 27 ಪಟ್ಟು. ನಮ್ಮ ಮಕ್ಕಳ ಪ್ರಶ್ನೆಗೆ ಉತ್ತರ ನಮ್ಮ ದೇಶದಿಂದಲೂ ಬಂದಿದೆ.