ಗಾಲ್ಫ್ ಪಟರ್: ಎತ್ತರದವರಿಗೆ ಉದ್ದದ್ದು, ಗೆಲ್ಲುವವರಿಗೆ ದುಬಾರಿಯದ್ದು ಎಂಬುದು ನಿಜವೇ?

ಗಾಲ್ಫ್ ಆಟದಲ್ಲಿ ಚೆಂಡನ್ನು ಕೊನೆಗೆ ಗುಳಿಗೆ ಉರುಳಿಸುವ ಕೋಲಿಗೆ ಪಟರ್ ಎನ್ನುತ್ತಾರೆ. ಇದರ ಬಗ್ಗೆ ಎರಡು ಮಾತುಗಳು ಎಲ್ಲೆಡೆ ಓಡಾಡುತ್ತವೆ. ಆಟಗಾರ ಎಷ್ಟು ಎತ್ತರವೋ ಪಟರ್ ಅಷ್ಟು ಉದ್ದವಿರಬೇಕು ಎಂಬುದು ಒಂದು. ಬೆಲೆ ಹೆಚ್ಚಾದಷ್ಟೂ ಚೆಂಡು ನೇರವಾಗಿ ಹೋಗುತ್ತದೆ ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯಗಳೇ. ಮಕ್ಕಳನ್ನು ಆಟಕ್ಕೆ ಸೇರಿಸಿ ಸಾವಿರಾರು ರೂಪಾಯಿ ಕೊಡುವ ಮೊದಲು ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಒಂದು ಹೊಡೆತದ ಬೆಲೆ ಎಷ್ಟು?

ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದರು. ನಾಲ್ಕು ದಿನಗಳ ಆಟದ ಬಳಿಕ ಪದಕ ತಪ್ಪಿದ್ದು ಕೇವಲ ಒಂದೇ ಹೊಡೆತದಲ್ಲಿ. ಚೆಂಡನ್ನು ದೂರ ಹೊಡೆಯುವುದರಲ್ಲಿ ಅವರು ಮುಂಚೂಣಿಯಲ್ಲಿರಲಿಲ್ಲ. ಅವರನ್ನು ಪದಕದ ಹೊಸ್ತಿಲವರೆಗೆ ತಂದದ್ದು ಪಟರ್‌ನ ಕೈಚಳಕ.

18 ಗುಳಿಗಳ ಮೈದಾನದಲ್ಲಿ ನಿಗದಿತ ಹೊಡೆತಗಳು ಸಾಮಾನ್ಯವಾಗಿ 72. ಪ್ರತಿ ಗುಳಿಗೆ ಎರಡರಂತೆ ಅವುಗಳಲ್ಲಿ 36 ಪಟರ್‌ಗೇ ಮೀಸಲು. ಅಂದರೆ ಲೆಕ್ಕದ ಪ್ರಕಾರ ಅರ್ಧ ಆಟ ಈ ಒಂದೇ ಕೋಲಿನದು.

ಗುಳಿಯ ಅಗಲ 4.25 ಇಂಚು. ಹತ್ತು ಅಡಿ ದೂರದಿಂದ ಚೆಂಡು ಗುರಿಗಿಂತ 1 ಡಿಗ್ರಿ ವಾಲಿ ಹೊರಟರೆ ಗುಳಿಯ ಬಳಿ ತಲುಪುವಾಗ ಸುಮಾರು 2.1 ಇಂಚು ಪಕ್ಕಕ್ಕೆ ಸರಿದಿರುತ್ತದೆ. ಗುಳಿಯ ಮಧ್ಯದಿಂದ ಅಂಚಿಗೆ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಇಪ್ಪತ್ತು ಅಡಿಯಿಂದಾದರೆ ಅದೇ ತಪ್ಪು 4 ಇಂಚು ದಾಟುತ್ತದೆ, ಚೆಂಡು ಗುಳಿಯ ಹೊರಗೆ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ತಗಲುವ ಕ್ಷಣದಲ್ಲಿ ಪಟರ್‌ನ ಮುಖ ಎತ್ತ ನೋಡುತ್ತಿದೆ ಎಂಬುದು. ಮೈಗೆ ಹೊಂದದ ಕೋಲು ಹಿಡಿದರೆ ಆ ಮುಖವನ್ನು ಪ್ರತಿಸಲ ಒಂದೇ ಕಡೆ ನಿಲ್ಲಿಸುವುದು ಕಷ್ಟ.

ಉದ್ದ: ಎತ್ತರವೊಂದೇ ಅಳತೆಯಲ್ಲ

ಜಡೆ, ಆನವಟ್ಟಿ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುದ್ದಲಿಗೆ ಕಾವು ಹಾಕಿಸುವಾಗ ಆಳಿನ ಎತ್ತರ ಮಾತ್ರವಲ್ಲ, ಅವನು ಎಷ್ಟು ಬಾಗಿ ಕೆಲಸ ಮಾಡುತ್ತಾನೆ ಎಂಬುದನ್ನೂ ನೋಡುತ್ತಾರೆ. ಪಟರ್ ವಿಚಾರವೂ ಹೀಗೆಯೇ. ಆರು ಅಡಿಯವನ ಕೈ ಉದ್ದವಾಗಿದ್ದು, ಅವನು ಹೆಚ್ಚು ಬಾಗಿ ನಿಲ್ಲುವವನಾದರೆ ಅವನಿಗೆ ಐದೂವರೆ ಅಡಿಯವನ ಪಟರ್ರೇ ಸಾಕಾಗಬಹುದು. ಮುಖ್ಯವಾದದ್ದು ಮಣಿಕಟ್ಟಿನಿಂದ ನೆಲಕ್ಕಿರುವ ದೂರ ಮತ್ತು ನಿಲ್ಲುವ ಭಂಗಿ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 33ರಿಂದ 35 ಇಂಚಿನವು.

ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಎಂದಿನಂತೆ ನಿಂತು, ಕೈಗಳನ್ನು ಬಿಗಿ ಇಲ್ಲದೆ ಇಳಿಬಿಟ್ಟು ಪಟರ್ ಹಿಡಿಯಿರಿ. ಇನ್ನೊಂದು ಚೆಂಡನ್ನು ಮೂಗಿನ ಸೇತುವೆಯ ಬಳಿಯಿಂದ ನೇರ ಕೆಳಗೆ ಬಿಡಿ. ಅದು ನೆಲದ ಚೆಂಡಿನ ಮೇಲೆ ಅಥವಾ ತುಸು ಒಳಗೆ, ಅಂದರೆ ನಿಮ್ಮ ಪಾದದ ಕಡೆಗೆ ಬಿದ್ದರೆ ಸರಿ. ಬಹಳ ಒಳಗೆ ಬಿದ್ದರೆ ಕೋಲು ಉದ್ದವಾಗಿರಬಹುದು. ಚೆಂಡಿನ ಆಚೆ ಬಿದ್ದರೆ ಗಿಡ್ಡವಾಗಿದ್ದು ನೀವು ಅತಿಯಾಗಿ ಬಾಗುತ್ತಿರಬಹುದು. ಹಾಗೆ ಬಾಗಿ ಗಂಟೆಗಟ್ಟಲೆ ಅಭ್ಯಾಸ ಮಾಡಿದರೆ ಸೊಂಟಕ್ಕೂ ತ್ರಾಸು.

ಲೈ ಮತ್ತು ಲಾಫ್ಟ್

ಪಟರ್‌ನ ತಳ ನೆಲಕ್ಕೆ ಕೂತಾಗ ಕೋಲು ನೆಲದೊಂದಿಗೆ ಮಾಡುವ ಕೋನವೇ ಲೈ. ಸಾಮಾನ್ಯವಾಗಿ ಇದು 70ರಿಂದ 72 ಡಿಗ್ರಿ ಇರುತ್ತದೆ. ನಿಂತ ಭಂಗಿಯಲ್ಲಿ ಹೊರತುದಿಯ ಕೆಳಗೆ ಎರಡು ಮೂರು ನಾಣ್ಯ ಸಲೀಸಾಗಿ ತೂರಿದರೆ ಆ ತುದಿ ಎದ್ದಿದೆ ಎಂದರ್ಥ. ಬಲಗೈ ಆಟಗಾರನಾದರೆ ಮುಖ ತುಸು ಎಡಕ್ಕೆ ತಿರುಗುತ್ತದೆ.

ಆದರೆ ಇದನ್ನೇ ದೊಡ್ಡದು ಮಾಡುವವರ ಮಾತಿಗೆ ಮರುಳಾಗಬೇಡಿ. ಲಾಫ್ಟ್ 3 ಡಿಗ್ರಿ ಇರುವ ಪಟರ್‌ನಲ್ಲಿ ಲೈ 4 ಡಿಗ್ರಿ ತಪ್ಪಿದರೂ ದಿಕ್ಕು ಬದಲಾಗುವುದು ಸುಮಾರು 0.2 ಡಿಗ್ರಿ. ಹತ್ತು ಅಡಿಯಲ್ಲಿ ಅದು ಅರ್ಧ ಇಂಚೂ ಇಲ್ಲ.

ಪಟರ್‌ನ ಮುಖ ಪೂರ್ತಿ ಚಪ್ಪಟೆಯಾಗಿ ಲಂಬವಾಗಿರುತ್ತದೆ ಎಂಬುದೂ ತಪ್ಪು ನಂಬಿಕೆ. ಚೆಂಡು ತನ್ನ ಭಾರಕ್ಕೆ ಹುಲ್ಲಿನಲ್ಲಿ ಸ್ವಲ್ಪ ಕುಸಿದು ಕೂತಿರುತ್ತದೆ. ಅದನ್ನು ಮೇಲೆತ್ತಿ ಉರುಳಿಸಲು ಮುಖಕ್ಕೆ ಸುಮಾರು 2ರಿಂದ 4 ಡಿಗ್ರಿ ವಾಲಿಕೆ ಕೊಟ್ಟಿರುತ್ತಾರೆ. ಇದೇ ಲಾಫ್ಟ್. ಕೈಗಳನ್ನು ಮುಂದಕ್ಕೆ ಒತ್ತಿ ಹೊಡೆಯುವ ಅಭ್ಯಾಸವಿದ್ದರೆ ಇದು ಕಡಿಮೆಯಾಗುತ್ತದೆ, ಅಂಥವರಿಗೆ ಕೊಂಚ ಹೆಚ್ಚಿನ ಲಾಫ್ಟ್ ಬೇಕು.

ತಲೆಯ ಆಕಾರದಲ್ಲೇನಿದೆ?

ಅಮೆರಿಕದ ಎಂಜಿನಿಯರ್ ಕಾರ್ಸ್ಟನ್ ಸೋಲ್ಹೈಮ್ 1959ರಲ್ಲಿ ಪಿಂಗ್ ಎಂಬ ಪಟರ್ ತಯಾರಿಸಿದರು. ಹೊಡೆದಾಗ ಬರುವ ಸದ್ದಿನಿಂದಲೇ ಅದಕ್ಕೆ ಆ ಹೆಸರು. ಅವರು ತಲೆಯ ತೂಕವನ್ನು ಮಧ್ಯದಿಂದ ಎರಡೂ ತುದಿಗೆ ಸರಿಸಿದರು. ಹೀಗೆ ಮಾಡಿದಾಗ ಚೆಂಡು ನಡುಭಾಗಕ್ಕೆ ತಗಲದಿದ್ದರೂ ತಲೆ ಅಷ್ಟಾಗಿ ತಿರುಚುವುದಿಲ್ಲ, ದೂರವೂ ಹೆಚ್ಚು ಕಡಿಮೆಯಾಗುವುದಿಲ್ಲ. ತಲೆಹೊರೆಗಿಂತ ಕಾವಡಿ ಹೊತ್ತವನನ್ನು ಗಿರಕ್ಕನೆ ತಿರುಗಿಸುವುದು ಹೇಗೆ ಕಷ್ಟವೋ ಹಾಗೆ. ಇಂದಿನ ಅಗಲ ತಲೆಯ ಮ್ಯಾಲೆಟ್ ಪಟರ್‌ಗಳ ತತ್ವವೂ ಇದೇ. ಹೊಸಬರಿಗೆ ಇದರಿಂದ ನಿಜವಾದ ಲಾಭವಿದೆ. ಆದರೆ ಮುಖ ಎತ್ತ ತಿರುಗಿದೆ ಎಂಬ ತಪ್ಪನ್ನು ಯಾವ ಆಕಾರವೂ ತಿದ್ದದು.

ಕೋಲನ್ನು ಬೆರಳ ಮೇಲೆ ಅಡ್ಡಲಾಗಿ ತೂಗಿಸಿದಾಗ ಕೆಲವು ಪಟರ್‌ಗಳ ಮುಖ ಆಕಾಶ ನೋಡುತ್ತದೆ, ಕೆಲವುಗಳ ತುದಿ ಕೆಳಗೆ ಜೋತು ಬೀಳುತ್ತದೆ. ನೇರಕ್ಕೆ ಹೊಡೆಯುವವರಿಗೆ ಮೊದಲನೆಯದು, ಕಮಾನಿನಂತೆ ಬೀಸುವವರಿಗೆ ಎರಡನೆಯದು ಎಂದು ಹೇಳುವುದುಂಟು. ಇದು ಒಳ್ಳೆಯ ಆರಂಭದ ಸಲಹೆಯೇ ಹೊರತು ಮೀರಬಾರದ ನಿಯಮವಲ್ಲ.

ದೊಡ್ಡವರ ಪಟರ್ ಕತ್ತರಿಸಿ ಮಕ್ಕಳಿಗೆ ಕೊಡಬಹುದೇ?

ಅಷ್ಟು ಸುಲಭವಲ್ಲ. ಉದ್ದ ಕಡಿಮೆಯಾದರೂ ಸುಮಾರು 350 ಗ್ರಾಂ ತೂಗುವ ತಲೆ ಹಾಗೆಯೇ ಉಳಿಯುತ್ತದೆ, ಹಿಡಿಕೆಯೂ ಪುಟ್ಟ ಕೈಗೆ ದಪ್ಪ. ಕೈ ಕೆಳಗಿಳಿದುದರಿಂದ ಹೊರತುದಿಯೂ ಏಳುತ್ತದೆ. ಕತ್ತರಿಸಲೇಬೇಕಾದರೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ, ಲೈ ಮತ್ತೆ ಪರೀಕ್ಷಿಸಿ. ಕತ್ತರಿಸಿದ ಕೋಲು ಮತ್ತೆ ಬೆಳೆಯುವುದಿಲ್ಲ, ಮಗು ಬೆಳೆಯುತ್ತದೆ.

ನಿಯಮ ಏನು ಹೇಳುತ್ತದೆ?

ಯಾವ ಕೋಲೂ 18 ಇಂಚಿಗಿಂತ ಗಿಡ್ಡವಿರಬಾರದು. ಉಳಿದ ಕೋಲುಗಳಿಗೆ ಗರಿಷ್ಠ ಉದ್ದದ ಮಿತಿ ಇದೆ, ಪಟರ್‌ಗೆ ಇಲ್ಲ. ಆದರೆ ಉದ್ದದ ಪಟರ್‌ನ ಹಿಡಿಕೆಯನ್ನು ಎದೆಗೋ ಹೊಟ್ಟೆಗೋ ಆನಿಸಿ ಹೊಡೆಯುವುದನ್ನು 2016ರ ಜನವರಿ 1ರಿಂದ ನಿಷೇಧಿಸಲಾಗಿದೆ.

ಹಾಗಾದರೆ ಸತ್ಯ ಯಾವುದು?

ದುಬಾರಿ ಪಟರ್‌ನಲ್ಲಿ ಲೋಹ ಮತ್ತು ಕುಸುರಿ ಉತ್ತಮವಾಗಿರಬಹುದು. ಆದರೆ ಅಳತೆ ಹೊಂದದಿದ್ದರೆ ಅದಕ್ಕಿಂತ ನಿಮ್ಮ ಮೈಗೊಪ್ಪುವ ಹಳೆಯ ಪಟರ್ರೇ ಮೇಲು. ಮೊದಲು ಉದ್ದ, ಬಳಿಕ ನೇರ ಗುರಿ ಹಿಡಿಯಲು ಕಣ್ಣಿಗೆ ಒಪ್ಪುವ ತಲೆ, ಆಮೇಲೆ ಲೈ ಮತ್ತು ಲಾಫ್ಟ್, ಕೊನೆಗೆ ಹಿಡಿಕೆ. ಈ ಕ್ರಮದಲ್ಲಿ ನೋಡಿ. ಕೊಳ್ಳುವ ಮುನ್ನ ಹತ್ತು ಅಡಿಯಿಂದ ಇಪ್ಪತ್ತು ಚೆಂಡು ಉರುಳಿಸಿ, ಎಷ್ಟು ಬಿದ್ದವು ಎಂದು ಬರೆದಿಟ್ಟುಕೊಂಡು ಎರಡು ಮೂರು ಪಟರ್‌ಗಳನ್ನು ಹೋಲಿಸಿ. ಬೆಲೆಚೀಟಿಗಿಂತ ಆ ಲೆಕ್ಕವನ್ನು ನಂಬಬಹುದು.